ಎಂಜಿನ್ ಆರಿಸಬಾರದ ಭಾನುವಾರ

ನನ್ನ ಗಂಡ ಇಯೋನಾ ಮತಾಯಿ ಆಗಬೇಕಿದ್ದದ್ದು ಸೋಮವಾರ ಬೆಳಿಗ್ಗೆ. ಅವನ ಕಾರಿನಲ್ಲಿ ಕೆಂಪು ದೀಪ ಹೊತ್ತಿಕೊಂಡದ್ದು ಭಾನುವಾರ ಬೆಳಿಗ್ಗೆ. ನಡುವೆ ನಮಗಿದ್ದದ್ದು ಒಂದೇ ಹಗಲು, ಅದೂ ನಮ್ಮ ಸವಾಯಿ ದ್ವೀಪದಲ್ಲಿ ಯಾರೂ ಹುಲ್ಲುಕಡ್ಡಿ ಎತ್ತಿಡಬಾರದ ಹಗಲು.

ಮತಾಯಿ ಎಂದರೆ ಮನೆತನದ ಯಜಮಾನ. ಇಯೋನಾನ ಸೋದರಮಾವ ತೀರಿಕೊಂಡ ಮೇಲೆ ಲೆವಾಸಾ ಎಂಬ ಅವರ ಪಟ್ಟ ಖಾಲಿ ಬಿದ್ದಿತ್ತು. ಅದು ಇಯೋನಾಗೆ ಸಲ್ಲಲಿ ಎಂದು ಹಿರಿಯರೆಲ್ಲ ಒಪ್ಪಿದ್ದರು. ಒಪ್ಪದವನು ಅವನ ದೊಡ್ಡಮ್ಮನ ಮಗ ಎನೋಸಾ ಒಬ್ಬನೇ. ಸೋಮವಾರ ಸಭೆಯಲ್ಲಿ ಕಾವ ಎಂಬ ಬೇರಿನ ಪಾನೀಯದ ಬಟ್ಟಲು ಎತ್ತಿ ಹೆಸರು ಕೂಗುವ ಹೊತ್ತಿಗೆ ಇಯೋನಾ ತನಗೆ ತೋರಿಸಿದ ಕಂಬಕ್ಕೊರಗಿ ಕೂತಿರಬೇಕು. ಇಲ್ಲದಿದ್ದರೆ ಬಟ್ಟಲು ಪಕ್ಕದ ಕಂಬಕ್ಕೆ ಹೋಗುತ್ತದೆ. ಪಕ್ಕದ ಕಂಬದಲ್ಲಿ ಕೂರುವವನು ಎನೋಸಾ. ಅವನ ಮನೆ ಅಲ್ಲೇ, ಸಭೆಮನೆಯ ಹಿತ್ತಿಲಿಗೆ ಅಂಟಿಕೊಂಡಂತೆ ಇದೆ. ಸಭೆ ಸೇರುವುದು ದ್ವೀಪದ ಆಚೆ ತುದಿಯಲ್ಲಿರುವ ನನ್ನ ಅತ್ತೆಯ ಊರಿನಲ್ಲಿ, ನಮ್ಮ ಮನೆ ಈಚೆ ತುದಿಯಲ್ಲಿ.

ಪಟ್ಟದ ಆಸೆ ಇಯೋನಾನಿಗಿಂತ ನನಗೆ ಹೆಚ್ಚಿತ್ತು ಎಂದರೆ ಸುಳ್ಳಲ್ಲ. ನಾನು ಊರಿನ ಶಾಲೆಯ ಹೆಡ್ ಮಿಸ್. ವಾರವೆಲ್ಲ ನಾನು ಕಣ್ಣು ಬಿಟ್ಟರೆ ಮಕ್ಕಳಿರಲಿ, ಅವರ ಅಪ್ಪಂದಿರೂ ನೆಟ್ಟಗೆ ಕೂರುತ್ತಾರೆ. ಶನಿವಾರ ಯಾರದೋ ಮದುವೆಗೆ ಹೋದರೆ, ನನ್ನ ಹತ್ತಿರ ಮಗ್ಗಿ ಕಲಿತ ಹುಡುಗಿಯರು ಮತಾಯಿಗಳ ಹೆಂಡಿರಾಗಿ ಚಾಪೆಯ ಮೇಲೆ ಕೂತಿರುತ್ತಾರೆ; ಪಟ್ಟವಿಲ್ಲದವನ ಹೆಂಡತಿಯಾದ ನಾನು ಅಡುಗೆಮನೆಯಿಂದ ಅವರಿಗೆ ಚಹಾ ಹೊರುತ್ತೇನೆ. ಮದುವೆಯಾದಾಗಿನಿಂದ ಹೊತ್ತಿದ್ದೇನೆ. ಸಾಕಾಗಿತ್ತು.

ಈಗ ಕಾರಿನ ವಿಷಯ. ಅದು ಜಪಾನಿನಲ್ಲಿ ಯಾರೋ ಸಾಕು ಎಂದು ಬಿಟ್ಟ ಗಾಡಿ. ಅದರ ರೇಡಿಯೋದ ತಿರುಪು ಮುರಿದಿದೆ. ಕಾರು ರಸ್ತೆಯ ಗುಂಡಿಗೆ ಬಿದ್ದರೆ ತಾನಾಗಿಯೇ ಹಾಡುತ್ತದೆ, ಇನ್ನೊಂದು ಗುಂಡಿಗೆ ಬೀಳುವವರೆಗೂ ನಿಲ್ಲಿಸುವುದಿಲ್ಲ. ಒಂದು ಭಾನುವಾರ ಚರ್ಚಿನ ಬಾಗಿಲಲ್ಲೇ ಕುಣಿತದ ಹಾಡು ಶುರುಮಾಡಿ ನಮ್ಮ ಮನೆತನಕ್ಕೆ ಒಂದು ಹಂದಿ ದಂಡ ಹಾಕಿಸಿತ್ತು. ಅಂದಿನಿಂದ ಇಯೋನಾ ಪ್ರತಿ ಶನಿವಾರ ಸಂಜೆ ರೇಡಿಯೋದ ಫ್ಯೂಸ್ ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ, ಸೋಮವಾರ ಮತ್ತೆ ಹಾಕುತ್ತಾನೆ. ಬೈಬಲ್ ಒರೆಸಿಡುವಷ್ಟೇ ಶ್ರದ್ಧೆಯಿಂದ ಮಾಡುವ ಕೆಲಸ ಅದು. ಟಾರ್ಚ್ ಹಿಡಿಯುವುದು ನಾನು. ಆ ಶನಿವಾರ ಮಾತ್ರ ನಾನು ಪಟ್ಟದ ಉಡುಗೊರೆಗೆಂದು ಅಜ್ಜಿಯ ನವಿರು ಚಾಪೆಗಳನ್ನು ಸುತ್ತುತ್ತಿದ್ದೆ. ಅವನು ಕತ್ತಲಲ್ಲಿ ಕೈಯಾಡಿಸಿ ಕಿತ್ತುಕೊಂಡು ಬಂದ.

ಭಾನುವಾರ ಚರ್ಚಿಗೆ ಹೊರಟಾಗ ಸ್ಟೇರಿಂಗ್ ಹಿಂದೆ ಒಂದು ಪುಟ್ಟ ಕೆಂಪು ಡಬ್ಬಿಯ ಚಿತ್ರ ಹೊತ್ತಿಕೊಂಡಿತು. ಡಬ್ಬಿಯೊಳಗೆ ಒಂದು ಶಿಲುಬೆ, ಪಕ್ಕದಲ್ಲಿ ಮಲಗಿದ ಒಂದು ಗೆರೆ. ಚರ್ಚಿನ ಅಂಗಳದಲ್ಲಿ ಹಿರಿಯ ಡೀಕನ್ ಕಿಟಕಿಯೊಳಗೆ ತಲೆ ತೂರಿಸಿ ನೋಡಿ, ಪಟ್ಟದ ಮುನ್ನಾದಿನ ಕೆಂಪು ಶಿಲುಬೆ ಕಾಣಿಸುವುದು ಶುಭವೇ ಎಂದರು. ಹಾಗಾದರೆ ಮಲಗಿರುವ ಗೆರೆ ಏನು ಎಂದು ಇಯೋನಾ ಕೇಳಿದ. ಅದು ನಿನ್ನ ಮಾವ ಇರಬೇಕು, ಪಾಪ, ಎಂದರು.

ನನ್ನ ತಮ್ಮ ಸಕಾಯೋ ಮೆಕ್ಯಾನಿಕ್. ಅವನು ಈ ಮಾತು ಕೇಳಿ ಓಡಿಬಂದು ದೀಪವನ್ನು ನೋಡಿ, ಎಂಜಿನ್ ಆರಿಸಬೇಡಿ ಎಂದ. ಅದು ಬ್ಯಾಟರಿಯ ದೀಪ, ಶಿಲುಬೆಯೂ ಅಲ್ಲ, ಮಾವನೂ ಅಲ್ಲ. ಹಾಗಾಗಿ ಪ್ರಾರ್ಥನೆ ಮುಗಿಯುವವರೆಗೂ ಕಾರು ಚರ್ಚಿನ ಹಿಂದೆ ಗುರುಗುಡುತ್ತ ನಿಂತಿತು. ಪಾದ್ರಿಗಳು ಎರಡು ಸಲ ಮಾತು ನಿಲ್ಲಿಸಿ ಆ ಕಡೆ ನೋಡಿದರು.

ಊಟದ ಹೊತ್ತಿಗೆ ಗಂಡಸರೆಲ್ಲ ನಮ್ಮ ಅಂಗಳಕ್ಕೆ ಬಂದರು. ಕೆಂಡದ ಕಲ್ಲಿನ ಮೇಲೆ ಸುಟ್ಟ ದೀವಿಹಲಸು, ಕಾಯಿಹಾಲಿನಲ್ಲಿ ಬೆಂದ ಕೆಸುವಿನೆಲೆ ಎಲ್ಲ ಇತ್ತು. ಇಯೋನಾ ಮಾತ್ರ ಡ್ರೈವರ್ ಸೀಟಿನಲ್ಲೇ ತಟ್ಟೆ ಇಟ್ಟುಕೊಂಡು ಉಂಡ. ಈಗ ಪ್ರಶ್ನೆ ಎದ್ದದ್ದು, ಭಾನುವಾರ ಕಾರು ಪರೀಕ್ಷೆ ಮಾಡುವುದು ಕೆಲಸವೋ ಅಲ್ಲವೋ ಎಂದು. ಪಾದ್ರಿಗಳನ್ನೇ ಕೇಳಲಾಯಿತು. ಅವರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ ತೀರ್ಪು ಕೊಟ್ಟರು. ನೋಡುವುದು ಕೆಲಸವಲ್ಲ. ಬಾನೆಟ್ ಎತ್ತಬಹುದು, ಏಕೆಂದರೆ ಅದು ಮುಚ್ಚಳ, ಹೆಂಗಸರು ಬೆಳಗಿನಿಂದ ಮುಚ್ಚಳ ಎತ್ತುತ್ತಲೇ ಇದ್ದಾರೆ. ಆದರೆ ಸ್ಪ್ಯಾನರ್ ಹಿಡಿದರೆ ಕೆಲಸ. ಮೀಟರಿನ ಕಡ್ಡಿ ತಾಗಿಸಿದರೂ ಕೆಲಸ.

ಹೀಗಾಗಿ ಸಕಾಯೋ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಎಂಜಿನ್ನಿನೊಳಗೆ ಬಗ್ಗಿದ. ಗದ್ದದಿಂದ ಅದನ್ನು ತೋರಿಸುವುದು, ಹುಬ್ಬಿನಿಂದ ಇದನ್ನು ತೋರಿಸುವುದು. ಸುತ್ತ ನಿಂತವರೂ ಕೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿದರು. ಸಕಾಯೋಗೆ ಇನ್ನೊಂದು ಕಷ್ಟವಿತ್ತು. ಅವನ ಬೈಗುಳಕ್ಕೆ ಹೆದರಿಯೇ ಅರ್ಧ ಗಾಡಿಗಳು ರಿಪೇರಿಯಾಗುತ್ತವೆ ಎಂದು ಊರವರು ಆಡಿಕೊಳ್ಳುತ್ತಾರೆ. ಆದರೆ ಅಕ್ಕನ ಎದುರು ತಮ್ಮ ಕೆಟ್ಟ ಮಾತಾಡುವುದು ನಮ್ಮಲ್ಲಿ ಮನೆಗೆ ಬೆಂಕಿ ಇಟ್ಟಂತೆ. ಕೈಯೂ ಇಲ್ಲ, ಬಾಯಿಯೂ ಇಲ್ಲ, ಬರೀ ಕಣ್ಣಿನಿಂದ ಅವನು ಆ ಕಾರಿನ ರೋಗವನ್ನು ಕಂಡುಹಿಡಿಯಬೇಕಿತ್ತು.

"ಭಾವ, ನೀವೇನಾದ್ರೂ ಇದಕ್ಕೆ ಕೈ ಹಾಕಿದ್ರಾ?" ಎಂದು ಕೇಳಿದ.

"ನಾನ್ಯಾಕಪ್ಪ ಹಾಕ್ಲಿ?" ಎಂದ ಇಯೋನಾ, ಅಗಿಯುತ್ತ. ಅವನು ಸುಳ್ಳು ಹೇಳಲಿಲ್ಲ. ರೇಡಿಯೋದ ಫ್ಯೂಸ್ ಕೀಳುವುದು ಅವನ ಲೆಕ್ಕದಲ್ಲಿ ಕಾರಿಗೆ ಕೈ ಹಾಕುವುದಲ್ಲ, ದೇವರಿಗೆ ಕೈ ಮುಗಿಯುವುದು.

"ಬೆಲ್ಟ್ ತಿರುಗ್ತಿದೆ. ಬ್ಯಾಟರಿ ತಲೆ ಕ್ಲೀನಾಗಿದೆ, ವೈರು ಬಿಗಿಯಾಗಿದೆ. ಅಂದ್ಮೇಲೆ ಡೈನಮೋನೇ ಹೋಗಿರ್ಬೇಕು. ಚಾರ್ಜ್ ಆಗ್ತಿಲ್ಲ. ಬ್ಯಾಟರೀಲಿ ಇರೋದ್ರಲ್ಲೇ ಓಡ್ಬೇಕು. ಒಂದ್ಸಲ ಆಫ್ ಮಾಡಿದ್ರೆ ಮತ್ತೆ ಸೆಲ್ಫ್ ತಗೊಳ್ಳಲ್ಲ."

ತಳ್ಳಿದರೆ ಎಂದು ಯಾರೋ ಕೇಳಿದರು. ಇದು ಆಟೋಮ್ಯಾಟಿಕ್, ತಳ್ಳಿದರೆ ನಿಮ್ಮ ಬೆವರು ಹರಿಯುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ ಎಂದ. ಬಸ್ಸುಗಳು ಭಾನುವಾರ ಓಡುವುದಿಲ್ಲ. ಸಕಾಯೋನ ಸ್ವಂತ ಕಾರು ಎಲ್ಲ ಮೆಕ್ಯಾನಿಕ್‌ಗಳ ಕಾರಿನ ಹಾಗೆ ಚಕ್ರವಿಲ್ಲದೆ ಕಲ್ಲಿನ ಮೇಲೆ ಕೂತಿತ್ತು. ಹೋಗುವುದಾದರೆ ಇದರಲ್ಲೇ ಹೋಗಬೇಕು, ಎಂಜಿನ್ ಆರಿಸದೆ.

ಹಿಂದೆ ಚಾಪೆಗಳು, ಡಬ್ಬಿ ಮೀನಿನ ಪೆಟ್ಟಿಗೆಗಳು, ಕಾಲು ಕಟ್ಟಿದ ಒಂದು ಹಂದಿ; ಮುಂದೆ ಇಯೋನಾ ಮತ್ತು ಸಕಾಯೋ; ಚಾಪೆಗೂ ಹಂದಿಗೂ ನಡುವೆ ನಾನು. ಸಕಾಯೋ ಕರೆಂಟಿನ ಉಳಿತಾಯ ಶುರುಮಾಡಿದ. ಫ್ಯಾನ್ ಇಲ್ಲ. ಹಾರ್ನ್ ಇಲ್ಲ. ಬ್ರೇಕನ್ನೂ ಒತ್ತಬೇಡಿ, ಒತ್ತಿದರೆ ಹಿಂದೆ ದೀಪ ಹೊತ್ತುತ್ತದೆ ಎಂದ. ಅದಕ್ಕೆ ಇಯೋನಾ ಹ್ಯಾಂಡ್‌ಬ್ರೇಕ್ ಎಳೆದೆಳೆದು ಓಡಿಸಿದ. ಪ್ರತಿ ಸಲವೂ ಹಂದಿ ಬಂದು ನನ್ನ ತೊಡೆಗೆ ಗುದ್ದಿತು. ಹಾರ್ನಿನ ಬದಲು ನಾನು ಕಿಟಕಿಯಿಂದ ತಲೆ ಹಾಕಿ, ಶಾಲೆಯ ದನಿಯಲ್ಲಿ ದಾರಿಯ ಕೋಳಿ ಹಂದಿಗಳನ್ನು ಗದರಿಸುತ್ತ ಹೋದೆ. ಇಬ್ಬರು ಮುದುಕರು ಕೂಡ ಗಾಬರಿಯಿಂದ ಪಕ್ಕಕ್ಕೆ ಸರಿದರು. ಅವರು ನನ್ನ ಹಳೇ ವಿದ್ಯಾರ್ಥಿಗಳ ಅಪ್ಪಂದಿರು ಎಂದು ಆಮೇಲೆ ನೆನಪಾಯಿತು.

ಸಂಜೆ ಸಾಮಾಲೂ ಎಂಬ ಊರಿಗೆ ಬಂದಾಗ ಶಂಖ ಊದಿದರು. ಅದು ಸಾ, ಸಂಜೆಯ ಪ್ರಾರ್ಥನೆಯ ಹೊತ್ತು. ಶಂಖ ಊದಿದ ಮೇಲೆ ಮತ್ತೆ ಊದುವವರೆಗೂ ಊರಿನಲ್ಲಿ ಯಾರೂ ನಡೆಯಬಾರದು, ಏನೂ ಓಡಬಾರದು, ಸದ್ದು ಕೂಡದು. ಒಂದೇ ಬಣ್ಣದ ಲುಂಗಿ ಉಟ್ಟ ಗಂಡಸರು ರಸ್ತೆಯುದ್ದಕ್ಕೂ ಸಾಲಾಗಿ ಕಾವಲು ನಿಂತಿದ್ದರು. ಅವರ ಮುಖಂಡ, ಇಯೋನಾನಷ್ಟೇ ವಯಸ್ಸಿನ ಒಬ್ಬ ದಪ್ಪ ಮನುಷ್ಯ, ಅಂಗೈ ತೋರಿಸಿದ.

"ಎಂಜಿನ್ ನಿಲ್ಸಿ."

"ನಿಲ್ಸಿದ್ರೆ ಮತ್ತೆ ಏಳಲ್ಲ ಅಣ್ಣ. ಕೆಂಪು ದೀಪ ಬಂದಿದೆ, ನೋಡಿ."

ಮುಖಂಡ ಬಗ್ಗಿ ದೀಪವನ್ನು ನೋಡಿದ, ಹಂದಿಯನ್ನು ನೋಡಿದ, ನನ್ನನ್ನೂ ನೋಡಿದ. "ದೇವರ ಹೊತ್ತಲ್ಲಿ ಯಾರೂ ಗುರ್ ಅನ್ನಂಗಿಲ್ಲ," ಎಂದ ಮೆಲ್ಲಗೆ.

ಇಯೋನಾ ಸಕಾಯೋನ ಕಡೆ ನೋಡಿದ. ಸಕಾಯೋ ಕಣ್ಣು ಮುಚ್ಚಿಕೊಂಡ. ಇಯೋನಾ ಕೀ ತಿರುಗಿಸಿದ. ಬೆಳಗಿನಿಂದ ಗುರುಗುಡುತ್ತಿದ್ದ ಕಾರು ನಿಂತಾಗ ಕಿವಿ ಕಿತ್ತಿಟ್ಟ ಹಾಗಾಯಿತು. ನಾನು ಪ್ರಾರ್ಥನೆ ಮಾಡಿದೆ, ಆದರೆ ದೇವರ ಹತ್ತಿರ ಬೇರೇನೂ ಕೇಳದೆ ಬರೀ ಬ್ಯಾಟರಿ ಕೇಳಿದೆ.

ಮತ್ತೆ ಶಂಖ ಊದಿದರು. ಇಯೋನಾ ಸೆಲ್ಫ್ ಹೊಡೆದ. ಟಕ್ ಎಂದಿತು. ಮತ್ತೊಮ್ಮೆ ಟಕ್. ಸಕಾಯೋನ ಬಾಯಿ ತೆರೆಯಿತು, ಮುಚ್ಚಿತು, ಮುಖ ಕೆಂಪಾಯಿತು. ಕೊನೆಗೆ ಬಹಳ ಮರ್ಯಾದೆಯಿಂದ, "ಅಕ್ಕ, ನೀವು ಸ್ವಲ್ಪ ಸಮುದ್ರದ ಕಡೆ ನಡ್ಕೊಂಡು ಹೋಗ್ಬನ್ನಿ," ಎಂದ.

ಹೋದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ನನ್ನ ತಮ್ಮನಿಗೆ ಅಷ್ಟೊಂದು ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಾರು ಮಾತ್ರ ಏಳಲಿಲ್ಲ.

ನಾನು ವಾಪಸು ಬರುವಾಗ ಸಾಮಾಲೂ ಊರಿನ ಗಂಡಸರೆಲ್ಲ ಕಾರಿನ ಸುತ್ತ ಕೂತು ವಾದಕ್ಕಿಳಿದಿದ್ದರು. ಅವರಿಗೂ ಭಾನುವಾರವೇ ಅಡ್ಡಿ. ಆದರೆ ಅವರ ಪಾದ್ರಿಗಳು ಬುದ್ಧಿವಂತರು. ಬಾವಿಗೆ ಬಿದ್ದ ಎತ್ತನ್ನು ದೇವರ ದಿನದಲ್ಲೂ ಮೇಲೆ ಎತ್ತಬಹುದೆಂದು ಬೈಬಲಿನಲ್ಲೇ ಇದೆಯಲ್ಲವೇ ಎಂದರು. ಕಾರು ಎತ್ತು ಹೇಗಾಗುತ್ತದೆ ಎಂದು ಒಬ್ಬ ಕೇಳಿದ. ಭಾರ ಹೊತ್ತಿದೆಯಲ್ಲ ಎಂದು ಇನ್ನೊಬ್ಬ. ಹಾಗಾದರೆ ಬಾವಿ ಎಲ್ಲಿ ಎಂದು ಮತ್ತೊಬ್ಬ. ಬಾವಿ ಎಂದರೆ ಬ್ಯಾಟರಿ ಖಾಲಿಯಾಗಿರುವುದು ಎಂದು ತೀರ್ಮಾನವಾಗುವಷ್ಟರಲ್ಲಿ ಕತ್ತಲಾಗುತ್ತಾ ಬಂದಿತ್ತು. ಚರ್ಚಿನ ಧ್ವನಿವರ್ಧಕದ ಬ್ಯಾಟರಿಯನ್ನು ತಂದುಕೊಟ್ಟರು. ಬೇಕಾದಷ್ಟು ದಿನ ಇಟ್ಟುಕೊಳ್ಳಿ ಎಂದು ಊರವರು ಒಂದೇ ದನಿಯಲ್ಲಿ ಹೇಳಿದ್ದು ಕೇಳಿ, ಆ ಪಾದ್ರಿಗಳು ಎಷ್ಟು ಹೊತ್ತು ಬೋಧಿಸುತ್ತಾರೆಂದು ನನಗೆ ಅಂದಾಜಾಯಿತು.

ಸಕಾಯೋ ಬ್ಯಾಟರಿ ಬದಲಿಸಿದ. ಕೈಗೆ ಕೆಲಸ ಸಿಕ್ಕ ಖುಷಿಯಲ್ಲಿ, ಹಾಗೇ ಫ್ಯೂಸುಗಳನ್ನೂ ಒಮ್ಮೆ ನೋಡಿಬಿಡುತ್ತೇನೆ ಎಂದು ಬಗ್ಗಿದ.

ಪಾದ್ರಿಗಳು ಅವನ ಭುಜ ಹಿಡಿದರು. "ಎತ್ತು ಬಾವಿಯಿಂದ ಮೇಲೆ ಬಂತಲ್ಲಪ್ಪ. ಅದರ ಹಲ್ಲು ನೋಡೋದು ನಾಳೆ."

ಎಂಜಿನ್ ಒಂದೇ ಏಟಿಗೆ ಎದ್ದಿತು. ಕೆಂಪು ದೀಪ ಹಾಗೇ ಇತ್ತು, ಆದರೆ ಅತ್ತೆಯ ಊರು ಮುಂದಿನದೇ. ತಲುಪಿದೆವು ಎಂದೇ ನಾನು ಕಾಲು ಚಾಚಿದೆ. ಆ ಊರಿನ ಹಿರಿಯ ಮತಾಯಿಯ ಗಡಿಯಾರ ಯಾವಾಗಲೂ ನಿಧಾನ, ಅಲ್ಲಿ ಸಾ ಶುರುವಾಗುವುದೇ ಬೇರೆ ಊರಿನಲ್ಲಿ ಮುಗಿದ ಮೇಲೆ ಎಂಬುದು ನಮ್ಮ ಮೂವರಿಗೂ ಗೊತ್ತಿದ್ದ ವಿಷಯ. ಮೂವರೂ ಮರೆತಿದ್ದೆವು. ಸಭೆಮನೆಯ ಮುಂದೆ ಬರುವುದಕ್ಕೂ ಶಂಖ ಊದುವುದಕ್ಕೂ ಸರಿಹೋಯಿತು. ಇನ್ನೇನು ಹೆದರಿಕೆ, ಬ್ಯಾಟರಿ ಗಟ್ಟಿಯಾಗಿದೆ ಎಂದು ಸಕಾಯೋ ಧೈರ್ಯ ಹೇಳಿದ. ಇಯೋನಾ ಎಂಜಿನ್ ನಿಲ್ಲಿಸಿದ. ಆದರೂ ಮನಸ್ಸು ತಡೆಯದೆ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸದೆ ಅರ್ಧಕ್ಕೇ ಬಿಟ್ಟ.

ಮನೆಮನೆಯಿಂದ ಪ್ರಾರ್ಥನೆಯ ಗುನುಗು ಕೇಳುತ್ತಿತ್ತು. ಹಂದಿ ಒಮ್ಮೆ ಜೋರಾಗಿ ಒದ್ದಿತು. ಕಾರು ಅಲುಗಾಡಿತು. ರೇಡಿಯೋ ಹಾಡಲು ಶುರುಮಾಡಿತು.

ಏನು ಹಾಡು ಎಂದು ನಾನು ಇಲ್ಲಿ ಹೇಳುವುದಿಲ್ಲ. ಸೊಂಟದ ವಿಷಯ ಇತ್ತು. ಹೊಸ ಬ್ಯಾಟರಿಯ ಶಕ್ತಿಯಲ್ಲಿ ಅದು ಹಿಂದೆಂದೂ ಹಾಡದಷ್ಟು ಜೋರಾಗಿ ಹಾಡಿತು. ಇಯೋನಾ ಜೇಬು ಮುಟ್ಟಿ ನೋಡಿಕೊಂಡ. ಫ್ಯೂಸ್ ಅಲ್ಲೇ ಇತ್ತು. ದೆವ್ವ ಕಂಡವನಂತೆ ನನ್ನ ಕಡೆ ತಿರುಗಿದ.

"ಇಲ್ಲೇ ಇದೆ ಕಣೇ. ಫ್ಯೂಸ್ ನನ್ನ ಜೇಬಲ್ಲೇ ಇದೆ. ಆದ್ರೂ ಹಾಡ್ತಿದೆ."

ಬೆಳಗಿನಿಂದ ಕೀ ಮುಟ್ಟಬೇಡ ಎಂದು ಹೇಳಿಸಿಕೊಂಡ ಅವನ ಕೈ ಈಗ ಕೀಯತ್ತ ಹೋಗುತ್ತಲೇ ಇರಲಿಲ್ಲ. ನಾನು ಸೀಟುಗಳ ನಡುವೆ ನುಗ್ಗಿ ತಿರುಗಿಸುವಷ್ಟರಲ್ಲಿ ಹಾಡಿನ ಎರಡನೇ ಚರಣ ಮುಗಿದಿತ್ತು.

ಸಕಾಯೋ ಕೈ ಚಾಚಿ, "ಭಾವ, ಅದನ್ನ ಇತ್ಲಾಗೆ ಕೊಡಿ," ಎಂದು ಪಿಸುಗುಟ್ಟಿದ. ಬೆರಳ ನಡುವೆ ಹಿಡಿದು ನೋಡಿದ. ಡ್ಯಾಶ್‌ಬೋರ್ಡಿನ ಕೆಳಗೆ ಖಾಲಿ ಬಿಟ್ಟ ಜಾಗಕ್ಕೂ ಕಣ್ಣು ಹಾಯಿಸಿದ. "ರೇಡಿಯೋದು ಅಲ್ಲೇ ಕೂತಿದೆ, ಹಾಡೋಕೆ ಹಳೇ ಬ್ಯಾಟರೀಲಿ ಶಕ್ತಿ ಇರ್ಲಿಲ್ಲ ಅಷ್ಟೆ. ನೀವು ಕಿತ್ತಿರೋದು ಚಾರ್ಜಿಂಗ್‌ದು. ಬಣ್ಣ ಒಂದೇ, ಸಾಲು ಒಂದೇ. ಡೈನಮೋಗೆ ಏನೂ ಆಗಿಲ್ಲ ಭಾವ. ಬೆಳಗಿಂದ ರೋಗ ನಿಮ್ಮ ಜೇಬಲ್ಲೇ ಇತ್ತು."

ಹಾಕು ಮತ್ತೆ ಎಂದ ಇಯೋನಾ. ಸಕಾಯೋ ಕಿಟಕಿಯ ಆಚೆ ನೋಡಿದ. ಸಭೆಮನೆಯಿಂದ ಮತಾಯಿಗಳು ಒಬ್ಬೊಬ್ಬರಾಗಿ ಎದ್ದು ನಮ್ಮನ್ನೇ ನೋಡುತ್ತ ನಿಂತಿದ್ದರು. ಅವರ ಹಿಂದೆ ಎನೋಸಾ ಇದ್ದ. ಅವನು ನಗಲಿಲ್ಲ, ದುಃಖವಾದವನ ಹಾಗೆ ತಲೆಯಾಡಿಸುತ್ತಿದ್ದ. ಅದನ್ನು ಕಂಡು ನನ್ನ ಮೈ ಉರಿದುಹೋಯಿತು. ಫ್ಯೂಸ್ ಮತ್ತೆ ಜೇಬಿಗೆ ಹೋಯಿತು. ವಿಷಯವನ್ನು ಬೆಳಿಗ್ಗೆ ಸಭೆಯಲ್ಲಿ, ಕಾವಕ್ಕೆ ಮೊದಲು ತೆಗೆದುಕೊಳ್ಳುವುದಾಗಿ ಹೇಳಿಕಳಿಸಿದರು.

ಸೋಮವಾರ ಬೆಳಕು ಹರಿಯುತ್ತಲೇ ಸಕಾಯೋ ಫ್ಯೂಸನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಎಂಜಿನ್ ಎದ್ದಿತು, ಕೆಂಪು ದೀಪ ಆರಿತು. ಮೀಟರ್ ಹಿಡಿದು ನೋಡಿ, ಚಾರ್ಜ್ ಚೆನ್ನಾಗಿ ಬರ್ತಿದೆ ಅಕ್ಕ ಎಂದ. ನನಗೇನೂ ಸಂತೋಷವಾಗಲಿಲ್ಲ. ಕಲ್ಲು ತೆಗೆದುಕೊಂಡು ಆ ಕಾರಿನ ಗಾಜು ಒಡೆಯಬೇಕು ಅನ್ನಿಸಿತು. ಸಾಯುವವರೆಗೂ ಚಹಾ ಹೊರುವುದೇ ನನ್ನ ಹಣೆಯಲ್ಲಿ ಬರೆದಿದೆ ಎಂದುಕೊಂಡು ಅತ್ತೆಯ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಗೋಡೆಯಿಲ್ಲದ ಸಭೆಮನೆಯ ಹಿಂದೆ ಹೋಗಿ ನಿಂತೆ.

ಒಳಗೆ ಮತಾಯಿಗಳೆಲ್ಲ ತಮ್ಮ ತಮ್ಮ ಕಂಬಕ್ಕೆ ಒರಗಿದ್ದರು. ಇಯೋನಾ ಹೊಸ ಲುಂಗಿಯಲ್ಲಿ, ಬರಿಮೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ. ಶಾಲೆಗೆ ತಡವಾಗಿ ಬಂದ ಹುಡುಗನ ಮುಖ ಅವನದು. ಸಭೆಯ ಪರವಾಗಿ ಮಾತಾಡುವ ಮಾತುಗಾರ ಮತಾಯಿ ಎದ್ದು, ಸಾ ಮುರಿದವನ ಕೈಗೆ ಬಟ್ಟಲು ಕೊಡುವುದು ಹೇಗೆ ಎಂದು ಬಹಳ ಹೊತ್ತು ಮಾತಾಡಿದ. ಎನೋಸಾ ತಲೆ ತಗ್ಗಿಸಿ, ಊರಿನ ಮಾನ ಉಳಿಸಲು ತಾನು ಯಾವ ಭಾರವನ್ನಾದರೂ ಹೊರಲು ಸಿದ್ಧ ಎಂದ.

ಆಗ ಮೂಲೆಯ ಕಂಬದಿಂದ ಹಿರಿಯ ಮತಾಯಿ, ಆ ನಿಧಾನ ಗಡಿಯಾರದ ಮುದುಕ, ಕಣ್ಣು ತೆರೆದ. ಮೊದಲು ದಂಡದ ಮಾತು ಮುಗಿಸಿ ಎಂದ. ದಂಡ ಎಂದರೆ ಒಂದು ದೊಡ್ಡ ಹೆಣ್ಣು ಹಂದಿ, ಜೊತೆಗೆ ಇಲ್ಲಿ ಕೂತಿರುವ ಎಲ್ಲರ ಮನೆಗೂ ಒಂದೊಂದು ಪೆಟ್ಟಿಗೆ ಡಬ್ಬಿ ಮೀನು. ಸರಿ ಎಂದು ಎಲ್ಲರೂ ಗುನುಗಿದರು.

"ಈಗ ಇದನ್ನ ಯಾರಿಗೆ ಹೇಳ್ಬೇಕು?" ಎಂದು ಮುದುಕ ಕೇಳಿದ. "ನಾವು ಆಳಿಗೆ ದಂಡ ಹಾಕಲ್ಲ. ಅವನ ಮನೆತನದ ಮತಾಯಿಗೆ ಹಾಕ್ತೀವಿ. ಇವನ ಮನೆತನದ ಮತಾಯಿ ಯಾರು?"

ಲೆವಾಸಾ ಎಂದರು.

"ಲೆವಾಸಾ ಎಲ್ಲಿ?"

ಲೆವಾಸಾ ಚರ್ಚಿನ ಪಕ್ಕದಲ್ಲಿ ಹೂಳಿಸಿಕೊಂಡಿದ್ದ. ಹಾಗಿದ್ದರೆ ದಂಡ ಗಾಳಿಯಲ್ಲಿ ತೂಗುತ್ತದೆ, ಹಾಗೆ ತೂಗಿದರೆ ಊರಿಗೇ ಅವಮಾನ ಎಂದ ಮುದುಕ. ಆದ್ದರಿಂದ ಮೊದಲು ಲೆವಾಸಾನನ್ನು ಕೂರಿಸಬೇಕು, ಕೂರಿಸಿದ ಕೂಡಲೇ ದಂಡ ಹಾಕಬೇಕು. ಸಭೆಗೆ ಇದು ಎಷ್ಟು ಸರಿಕಂಡಿತೆಂದರೆ, ಮಾತುಗಾರ ಮತಾಯಿ ತಾನೇ ಅದನ್ನು ಹೇಳಲು ಹೊರಟಿದ್ದವನಂತೆ ತಲೆಯಾಡಿಸಿದ. ಮುದುಕ ನಿಧಾನವಾಗಿ ಎನೋಸಾನ ಕಡೆ ತಿರುಗಿದ. ಭಾರ ಹೊರಲು ಸಿದ್ಧ ಅಂದೆಯಲ್ಲ ಮಗು, ಬಟ್ಟಲು ನಿನಗೇ ಕರೆಯೋಣವೇ ಎಂದ.

ಎನೋಸಾ ಚಾಪೆಯ ಹೆಣಿಗೆಯನ್ನು ನೋಡಿದ. "ಹಿರಿಯರು ಮೊದ್ಲೇ ಇಯೋನಾಗೆ ಅಂತ ಮಾತು ಕೊಟ್ಟಿದೀರಿ," ಎಂದ ಕೊನೆಗೆ. "ನಿಮ್ಮ ಮಾತು ಮೀರೋಕೆ ನಾನ್ಯಾರು?"

ಬಟ್ಟಲು ಎತ್ತಿದರು. ಲೆವಾಸಾ ಎಂದು ಕೂಗಿದ ದನಿ ಸಭೆಮನೆಯಿಂದ ಸಮುದ್ರದವರೆಗೂ ಹೋಯಿತು. ಇಯೋನಾ ಕಾವ ಕುಡಿದ. ಅವನ ಗದ್ದದ ಹನಿ ಒರೆಸಿಕೊಳ್ಳಲೂ ಬಿಡದೆ, ಅದೇ ಉಸಿರಿನಲ್ಲಿ ಮಾತುಗಾರ ಮತಾಯಿ ದಂಡವನ್ನು ಓದಿ ಹೇಳಿದ. ನಮ್ಮ ಹಂದಿಯೂ ಮೀನಿನ ಪೆಟ್ಟಿಗೆಗಳೂ ಪಟ್ಟದ ಉಡುಗೊರೆಗೆ ಮುಗಿದಿದ್ದವು. ಇನ್ನು ಎಲ್ಲಿಂದ ತರುತ್ತಾನೆ ಎಂದು ನಾನು ಲೆಕ್ಕ ಹಾಕತೊಡಗಿದೆ. ಇಷ್ಟು ವರ್ಷ ನೋಡಿದ್ದೇನೆ, ಕಷ್ಟ ಬಂದರೆ ಅವನು ನನ್ನ ಕಡೆಗೇ ತಿರುಗುವುದು.

ಅವನು ತಿರುಗಲಿಲ್ಲ. ಬೆನ್ನು ನೆಟ್ಟಗೆ ಮಾಡಿದ. ಮತಾಯಿಯ ಮೇಲೆ ಬಿದ್ದದ್ದು ಇಡೀ ಮನೆತನದ ಮೇಲೆ ಬಿದ್ದಂತೆ, ಮನೆತನ ಅದನ್ನು ತಲೆಯ ಮೇಲೆ ಹೊರುತ್ತದೆ ಎಂದ. ಆ ದನಿ ನಾನು ಕೇಳಿದ್ದಲ್ಲ. ಆಮೇಲೆ ಪಕ್ಕದ ಕಂಬದ ಕಡೆ ಕಣ್ಣು ಹೊರಳಿಸಿದ.

"ಎನೋಸಾ, ನಿನ್ನ ಹಿತ್ತಲಲ್ಲಿರೋ ಹೆಣ್ಣು ಹಂದಿ ಹೊಡ್ಕೊಂಡ್ ಬಾ. ಮೀನಿಗೆ ಅಂಗಡಿಯವನಿಗೆ ಹೇಳು."

ಮನೆತನದ ಮತಾಯಿ ಸಭೆಯಲ್ಲಿ ಕೇಳಿದ್ದನ್ನು ಇಲ್ಲ ಎನ್ನುವವರು ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

"ಆಗ್ಲಿ, ಲೆವಾಸಾ," ಎಂದ ಎನೋಸಾ.

ನನ್ನ ಗಂಡನನ್ನು ಆ ಹೆಸರಿನಿಂದ ಕರೆದು ಉತ್ತರ ಕೊಟ್ಟ ಮೊದಲನೆಯವನು ಅವನು. ನಾನು ಹೊರಗೆ ನಿಂತಲ್ಲೇ ಜೋರಾಗಿ ನಕ್ಕುಬಿಟ್ಟೆ. ಸಭೆ ನಡೆಯುವಾಗ ಹಾಗೆ ನಗುವುದು ತಪ್ಪು. ಮುದುಕ ಮತಾಯಿ ಕಣ್ಣು ಮುಚ್ಚಿಕೊಂಡೇ, ಲೆವಾಸಾನ ಮನೆತನಕ್ಕೆ ಇನ್ನೂ ಒಂದು ಹಂದಿ ಬರೆದುಕೊಳ್ಳಿ ಎಂದ.